ಮಂಜುಗಡ್ಡೆಗೆ ಮಾತು ಬಂದದ್ದು

ಲೋಕ ಆಗಿನ್ನೂ ಹೊಸದು. ಹೊಳೆಗಳಿಗೆ ತಾವು ಹರಿಯಬೇಕಾದ ದಾರಿ ಕೂಡ ಸರಿಯಾಗಿ ಗೊತ್ತಿರಲಿಲ್ಲ. ಆ ಕಾಲದಲ್ಲಿ ಎಲ್ಲಕ್ಕೂ ಮಾತು ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು, ನರಿ ಮಾತಾಡುತ್ತಿತ್ತು, ತೊರೆಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಮಂಜುಗಡ್ಡೆಗೆ ಮಾತ್ರ ಮಾತಿರಲಿಲ್ಲ.

ತುಳಿದರೂ ಸುಮ್ಮನೆ. ಒಡೆದರೂ ಸುಮ್ಮನೆ. ಮೇಲೆ ನಡೆದವರು ಜಾರಿ ಬಿದ್ದರೂ ಸುಮ್ಮನೆ. ಅದಕ್ಕೇ ಜನ ಅದನ್ನು ನಂಬುತ್ತಿರಲಿಲ್ಲ. ಅದರ ಹೊಟ್ಟೆಯಲ್ಲಿ ಏನಿದೆಯೋ ಏನೋ ಎಂದು ದೂರವೇ ಸರಿಯುತ್ತಿದ್ದರು.

ಬಡಗಣ ಹಿಮದ ಬೆಟ್ಟದಲ್ಲಿ ದೇಕವ್ವ ಎಂಬ ಹೆಂಗಸಿದ್ದಳು. ಮಂಜುಗಡ್ಡೆ ಕಂಡರೆ ಅವಳು ಹಲ್ಲು ಕಡಿಯುತ್ತಿದ್ದಳು. ಹಿಂದಿನ ಚಳಿಗಾಲದಲ್ಲಿ ಅವಳ ತಮ್ಮ ಬೊಮ್ಮ ಕಣಿವೆ ದಾಟಲು ಹೋದವನು ತಿರುಗಿ ಬರಲಿಲ್ಲ. ಅವನ ಹೆಜ್ಜೆ ಗುರುತು ಮಂಜುಗಡ್ಡೆಯವರೆಗೆ ಇತ್ತು, ಮುಂದೆ ಇರಲಿಲ್ಲ. ದೇಕವ್ವ ಅಲ್ಲೇ ನಿಂತು, "ನನ್ನ ತಮ್ಮ ಎಲ್ಲಿ?" ಎಂದು ಗಂಟಲು ಹರಿಯುವಂತೆ ಕೂಗಿದ್ದಳು. ಮಂಜುಗಡ್ಡೆ ಸುಮ್ಮನಿತ್ತು.

ಅಂದಿನಿಂದ ದೇಕವ್ವ ಯಾರನ್ನೂ ನಂಬುವುದನ್ನು ಬಿಟ್ಟಳು. ನೀರು ಕುಡಿಯುವಾಗಲೂ ಮೊದಲು ಮೂಸಿ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಕಣಿವೆಯಾಚೆ ನೋಡಿದಳು. ಅಲ್ಲಿ ಅವಳ ಮಗಳು ಕೆಂಚಿಯ ಗುಡಿಸಲು. ಕೆಂಚಿ ಹಸಿ ಬಾಣಂತಿ. ಗಂಡ ಕುರಿ ಹೊಡೆದುಕೊಂಡು ತಗ್ಗಿನ ನಾಡಿಗೆ ಹೋಗಿದ್ದ. ದಿನಾ ಆ ಗುಡಿಸಲಿನಿಂದ ಹೊಗೆ ಏಳುತ್ತಿತ್ತು. ಅಂದು ಏಳಲಿಲ್ಲ.

"ಅಯ್ಯೋ, ಮಗಳ ಒಲೆ ಆರಿಹೋಗಿದೆ!"

ಆಗ ಮನುಷ್ಯರಿಗೆ ಬೆಂಕಿ ಹೊತ್ತಿಸಲು ಬರುತ್ತಿರಲಿಲ್ಲ. ಸಿಡಿಲಿನಿಂದ ಸಿಕ್ಕ ಬೆಂಕಿಯನ್ನು ಮಗುವಿನಂತೆ ಕಾಪಾಡಿಕೊಳ್ಳಬೇಕಿತ್ತು. ಆ ಚಳಿಯಲ್ಲಿ ಬೆಂಕಿಯಿಲ್ಲದೆ ಎಳೆಗೂಸು ಮರುದಿನದ ಬೆಳಕು ಕಾಣುವುದು ಕಷ್ಟ. ದೇಕವ್ವ ಕೆಂಡಗಳನ್ನು ಗಡಿಗೆಗೆ ಹಾಕಿ, ಬೂದಿ ಮುಚ್ಚಿ, ಒಣಮಾಂಸದ ಗಂಟು ಹೆಗಲಿಗೇರಿಸಿ, ಕೋಲು ಹಿಡಿದು ಹೊರಟೇಬಿಟ್ಟಳು.

ದಾರಿ ಗೋಡೆಯಂತೆ ಕಡಿದಾಗಿತ್ತು. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರುತ್ತಿತ್ತು. ಅವಳು ಕೋಲು ಊರಿ, ಕುಕ್ಕಿ ನೋಡಿ, ಆಮೇಲೆ ಕಾಲಿಡುತ್ತಿದ್ದಳು.

ಸ್ವಲ್ಪ ದೂರದಲ್ಲಿ ಒಂದು ಕೆಂಪು ನರಿ ಜೊತೆಯಾಯಿತು. ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ.

"ಏನೋ ನರಿ, ಯಾಕೆ ಬೆನ್ನು ಹತ್ತಿದ್ದೀಯ?"

"ನಾನೂ ಆಚೆಗೇ ಹೋಗಬೇಕವ್ವ."

"ನಿನ್ನ ಕಣ್ಣು ನನ್ನ ಗಂಟಿನ ಮೇಲಿದೆ."

"ಕಣ್ಣು ಇದೆ, ಸುಳ್ಳು ಯಾಕೆ ಹೇಳಲಿ?" ಎಂದಿತು ನರಿ.

ದೇಕವ್ವ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಣಿವೆಯ ಅಂಚಿಗೆ ಬಂದರು. ತೊರೆ ಹೆಪ್ಪುಗಟ್ಟಿ, ಈ ಬದಿಯಿಂದ ಆ ಬದಿಗೆ ಬಿಳಿ ಚಾಪೆ ಹಾಸಿದಂತೆ ಕಾಣುತ್ತಿತ್ತು. ಅದರಾಚೆಯೇ ಕೆಂಚಿಯ ಗುಡಿಸಲು. ಇನ್ನೊಂದು ದಾರಿ ಬಂಡೆಗಳ ಅಂಚು ಹಿಡಿದು ಸುತ್ತಿ ಹೋಗುತ್ತಿತ್ತು.

ಗಾಳಿ ಮೆಲ್ಲಗೆ ಬಂದು ಅವಳ ಸೆರಗು ಸರಿಮಾಡಿತು. "ನೇರ ಹೋಗು ತಾಯಿ. ನಾನೇ ಹಿಮ ಹಾಸಿ ದಾರಿ ನುಣ್ಣಗೆ ಮಾಡಿದ್ದೇನೆ. ಮಗು ನಡುಗುತ್ತಿದೆ, ಪಾಪ. ತಡ ಮಾಡಬೇಡ."

"ಬೇಡವ್ವ," ಎಂದಿತು ನರಿ. "ಬಂಡೆಯ ಅಂಚಿನಲ್ಲೇ ಹೋಗೋಣ."

ಗಾಳಿ ನಕ್ಕಿತು. "ಸುತ್ತು ದಾರಿಯಲ್ಲಿ ನೀನು ಸುಸ್ತಾಗಿ ಬಿದ್ದರೆ ಗಂಟು ಯಾರ ಪಾಲು? ನರಿಯನ್ನೇ ಕೇಳು."

ದೇಕವ್ವ ನರಿಯನ್ನು ನೋಡಿದಳು. ನರಿ ಗಂಟನ್ನು ನೋಡುತ್ತಿತ್ತು. ಅವಳು ಗಾಳಿಯ ಕಡೆ ತಿರುಗಿದಳು. ಗಾಳಿಗೆ ಮುಖವೇ ಇಲ್ಲ, ಏನೆಂದು ನೋಡುವುದು? ಕೊನೆಗೆ ಅವಳು ಮಂಜುಗಡ್ಡೆಯ ಮೇಲೆ ಕೋಲು ಕುಟ್ಟಿದಳು.

"ನೀನೇ ಹೇಳು. ನನ್ನ ತಮ್ಮನನ್ನು ನುಂಗಿದವನು ನೀನು. ನನ್ನನ್ನೂ ನುಂಗಬೇಕೆಂದಿದ್ದೀಯ?"

ಮಂಜುಗಡ್ಡೆ ಸುಮ್ಮನಿತ್ತು.

"ಬಾಯಿ ಬಿಡೋ!"

ಆಗ ಬಹಳ ಕೆಳಗಿನಿಂದ ಒಂದು ಸಣ್ಣ ದನಿ ಕೇಳಿಸಿತು. ಮಂಜಿನಡಿಯಲ್ಲಿ ಹರಿಯುತ್ತಿದ್ದ ತೊರೆಯ ದನಿ. "ಬೈಯಬೇಡ ತಂಗಿ. ಅದು ನನ್ನ ಕೂಸು. ನೀರಾಗಿದ್ದಾಗ ಹರಟೆ ಹೊಡೆಯುತ್ತಿತ್ತು. ಗಟ್ಟಿಯಾದಾಗ ಬಾಯಿಯೂ ಹೆಪ್ಪುಗಟ್ಟಿತು. ಒಂದಿಷ್ಟು ಬಿಸಿ ತಾಗಿಸಿದರೆ ಮಾತಾಡೀತು."

ದೇಕವ್ವ ಗಡಿಗೆಯನ್ನು ಎದೆಗವಚಿಕೊಂಡಳು. ಬೂದಿ ಸರಿಸಿ ನೋಡಿದರೆ ಎರಡೇ ಕೆಂಡ ಜೀವ ಹಿಡಿದಿದ್ದವು. ನೀರಿಗೂ ಬೆಂಕಿಗೂ ಹುಟ್ಟಿನಿಂದ ಹಗೆ. ಬೆಂಕಿ ಆರಿಸಲು ಈ ತೊರೆ ಹೂಡಿದ ಆಟವೋ ಏನೋ!

"ಕೊಡಬೇಡ!" ಎಂದು ಗಾಳಿ ಕಿರುಚಿತು. "ಕೊಡಲೇಬೇಡ! ಕೆಂಡ ಮುಚ್ಚು! ಬೇಗ ನಡೆ!"

ದೇಕವ್ವ ತಲೆಯೆತ್ತಿದಳು. ಇಷ್ಟು ಹೊತ್ತು ಬೆಣ್ಣೆಯಂತೆ ಮಾತಾಡಿದ ಗಾಳಿಗೆ ಈಗ ಯಾಕೆ ಈ ಗಾಬರಿ? ಮಂಜುಗಡ್ಡೆ ಮಾತಾಡಿದರೆ ಇದರ ಗಂಟೇನು ಹೋಗುತ್ತದೆ?

ಮೊಮ್ಮಗುವಿನ ಮುಖವನ್ನು ಅವಳಿನ್ನೂ ನೋಡಿರಲಿಲ್ಲ. ಕಣ್ಣು ಮುಚ್ಚಿ, ಗಡಿಗೆಯಿಂದ ಒಂದು ಕೆಂಡವನ್ನು ಚಿಪ್ಪಿನಲ್ಲೆತ್ತಿ ಮಂಜುಗಡ್ಡೆಯ ಮೇಲಿಟ್ಟಳು.

ಚುಂಯ್ ಎಂದಿತು ಕೆಂಡ. ಕಪ್ಪಗಾಯಿತು.

ಒಂದು ಗಳಿಗೆ ಏನೂ ಇಲ್ಲ.

ಆಮೇಲೆ, ಚಟ್!

ಲೋಕದಲ್ಲಿ ಮಂಜುಗಡ್ಡೆ ಆಡಿದ ಮೊದಲ ಮಾತು ಅದು. ಚಟ್, ಚಟ್, ಚಟ್ ಎಂದು ಬಿರುಕು ಓಡಿತು. "ಟೊಳ್ಳು! ಇಲ್ಲಿ ಟೊಳ್ಳು! ಕಾಲಿಡಬೇಡ!"

ದೇಕವ್ವ ಹಿಂದಕ್ಕೆ ಹಾರಿದಳು. ಅವಳ ಕಣ್ಣೆದುರೇ ಆ ಬಿಳಿ ಚಾಪೆ ನಡುವೆ ಕುಸಿದು, ಧಡಧಡನೆ ಕೆಳಗಿಳಿಯಿತು. ಗಾಳಿ ನುಣ್ಣಗೆ ಹಾಸಿದ್ದ ಹಿಮದಡಿಯಲ್ಲಿ ತಳ ಕಾಣದ ಕತ್ತಲ ಬಾವಿ ಬಾಯಿ ತೆರೆದಿತ್ತು. ಹಳ್ಳಗಳನ್ನು ಮುಚ್ಚಿ, ಯಾರು ಬೀಳುತ್ತಾರೆಂದು ನೋಡುವುದೇ ಗಾಳಿಗೆ ಆಟವಾಗಿತ್ತು.

ದೇಕವ್ವ ಅಂಚಿನಲ್ಲಿ ಕುಸಿದು ಕೂತಳು. "ನನ್ನ ತಮ್ಮ?"

"ಅವನೂ ಗಾಳಿಯ ಮಾತು ಕೇಳಿ ಬಂದ," ಎಂದಿತು ಮಂಜುಗಡ್ಡೆ. ಹೊಸ ದನಿ, ಒಡಕು ದನಿ. "ಕೂಗಬೇಕೆಂದಿದ್ದೆ. ಬಾಯಿರಲಿಲ್ಲ."

ದೇಕವ್ವ ಅಂಗೈಯನ್ನು ಮಂಜುಗಡ್ಡೆಯ ಮೇಲಿಟ್ಟು ಒಂದು ಗಳಿಗೆ ಅತ್ತಳು. ಗಾಳಿ ಮೆಲ್ಲಗೆ ಬೆಟ್ಟದ ಹಿಂದೆ ಸರಿಯಿತು.

ಆಮೇಲೆ ಅವಳು ಬಂಡೆಯ ಅಂಚು ಹಿಡಿದು ನಡೆದಳು. ನರಿ ಮುಂದೆ, ಅವಳು ಹಿಂದೆ. ಕಾಲಡಿಯ ಮಂಜುಗಡ್ಡೆ ಗಟ್ಟಿ ಇದ್ದ ಕಡೆ ಸುಮ್ಮನಿರುತ್ತಿತ್ತು, ತೆಳುವಾದ ಕಡೆ ಕಿರ್ರ್ ಎನ್ನುತ್ತಿತ್ತು. ನರಿ ಕಿವಿ ನೆಲಕ್ಕೆ ಹಚ್ಚಿ ಕೇಳಿ ಹೆಜ್ಜೆ ಇಡುತ್ತಿತ್ತು. ಆದರೂ ದೇಕವ್ವ ಕೋಲು ಕುಕ್ಕುವುದನ್ನು ಬಿಡಲಿಲ್ಲ.

ಹೊತ್ತು ಮುಳುಗುವ ಮೊದಲೇ ಗುಡಿಸಲು ಮುಟ್ಟಿದಳು. ಕೆಂಚಿ ಮಗುವನ್ನು ಕಂಬಳಿಯೊಳಗೆ ಎದೆಗೊತ್ತಿಕೊಂಡು ಮುದುಡಿ ಕೂತಿದ್ದಳು. ಅವಳ ತುಟಿ ನೀಲಿಗಟ್ಟಿತ್ತು.

"ಬಂದೆಯಾ ಅವ್ವಾ? ಬೆಂಕಿ ಇದೆಯಾ?"

"ಒಂದೇ ಕೆಂಡ ಉಳಿದಿದೆ. ಮಾತಾಡಿಸಬೇಡ, ಉಸಿರು ಬೇಕು ನನಗೆ."

ದೇಕವ್ವ ಊದಿದಳು. ಊದಿದಳು, ಊದಿದಳು. ಹುಲ್ಲು ಮೊದಲು ಹೊಗೆಯಾಡಿತು, ಆಮೇಲೆ ಭಗ್ಗೆಂದಿತು. ಬೆಚ್ಚಗಾದ ಮಗು ಗಟ್ಟಿಯಾಗಿ ಅತ್ತಿತು. ಆ ಅಳು ಕೇಳಿ ಅವ್ವ ಮಗಳು ಇಬ್ಬರೂ ನಕ್ಕರು.

ಬಾಗಿಲಲ್ಲಿ ನರಿ ಕೂತಿತ್ತು. ದೇಕವ್ವ ಮಾಂಸದ ದೊಡ್ಡ ತುಂಡೊಂದನ್ನು ಅದರ ಮುಂದಿಟ್ಟಳು. "ನಿನಗೆ ಆಸೆ ಇತ್ತು. ಆದರೆ ಮೋಸ ಇರಲಿಲ್ಲ. ತಗೋ."

ಮಂಜುಗಡ್ಡೆಗೆ ಸಿಕ್ಕಿದ್ದು ಒಂದೇ ಕೆಂಡದಷ್ಟು ಮಾತು. ಅದಕ್ಕೇ ಅದು ಮಾತನ್ನು ಜೋಪಾನವಾಗಿ ಬಳಸುತ್ತದೆ. ಭಾರ ಬಿದ್ದರೆ, ಇಲ್ಲವೆ ಬಿಸಿ ತಾಗಿದರೆ ಮಾತ್ರ ಬಾಯಿ ಬಿಡುತ್ತದೆ. ಆ ಮಾತು ಯಾರಿಗೂ ಕೇಳಿಸದಿರಲಿ ಎಂದೇ ಹಿಮದ ಬೆಟ್ಟದಲ್ಲಿ ಗಾಳಿ ಇವತ್ತಿಗೂ ಊಳಿಡುತ್ತದೆ. ನಮ್ಮೂರಲ್ಲಿ ಹಿಮವೂ ಇಲ್ಲ, ಕಣಿವೆಯೂ ಇಲ್ಲ. ಆದರೂ ಬೇಸಿಗೆಯಲ್ಲಿ ನಿಂಬೆ ಪಾನಕದ ಲೋಟಕ್ಕೆ ಒಂದು ತುಂಡು ಮಂಜುಗಡ್ಡೆ ಹಾಕಿ ಕಿವಿ ಹತ್ತಿರ ಹಿಡಿದು ನೋಡು ಕಂದ: ತನಗಿಂತ ಬಿಸಿಯಾದ ಪಾನಕ ತಾಗಿದ ಕೂಡಲೇ ಅದು "ಚಟ್!" ಎನ್ನುತ್ತದೆ.