ಬನವ್ವ ಸೇರಿಸಿದ ಮಾತು

ಶಿಷ್ಯನೊಬ್ಬ ಮಠದ ಅಜ್ಜನವರ ಮುಂದೆ ಕುಳಿತು ಕೇಳಿದ:

"ಅಜ್ಜಾರ, ನನ್ನ ತಮ್ಮನ ಚಿಕಿತ್ಸೆಗೆ ರೊಕ್ಕ ಕೊಡೂದಿಲ್ಲ ಅಂತ ವಿಮೆಯವರು ಕಾಗದ ಕಳಿಸ್ಯಾರ. ಮತ್ತ ಕೇಳಬೇಕಂದ್ರ, ಅವನ ಕೈಲೆ ಏನೇನು ಆಗೂದಿಲ್ಲ ಅನ್ನೂದನ್ನೆಲ್ಲ ಬರದು ಕೊಡಬೇಕಂತ. ಒಡಹುಟ್ಟಿದವನ ಕೊರತಿ ಮಂದಿ ಮುಂದ ಹರವೂದು ಅವಗ ಅವಮಾನ ಅಲ್ಲೇನ್ರೀ?"

ಅಜ್ಜನವರು ಅವನ ಕೈಯಲ್ಲಿದ್ದ ಖಾಲಿ ಅರ್ಜಿಯನ್ನು ತೆಗೆದುಕೊಂಡು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನು ಮಗ್ಗದಲ್ಲಿ ಕೂತರೆ ಹೆಂಡತಿ ಪಕ್ಕದಲ್ಲೇ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವರಿಗೆ ಒಬ್ಬಳೇ ಮಗಳು, ಬನವ್ವ. ಆರು ವರ್ಷವಾದರೂ ಕೂಸಿನ ಕಾಲು ನೆಟ್ಟಗಾಗಿರಲಿಲ್ಲ. ಒಂದರ ಮೇಲೊಂದು ಕತ್ತರಿಯಂತೆ ಬೀಳುತ್ತಿದ್ದವು. ಅದು ಆಡುವ ಮಾತು ತಾಯಿಗೆ ಮಾತ್ರ ತಿಳಿಯುತ್ತಿತ್ತು. ಕಾಲಿಗೆ ವ್ಯಾಯಾಮ ಮಾಡಿಸುವ ಪೇಟೆಯ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು: ಎರಡು ವರ್ಷ ಬಿಡದೆ ಮಾಡಿಸಿದರೆ ಹುಡುಗಿ ತನ್ನ ಕಾಲ ಮೇಲೆ ನಿಂತಾಳು, ಈಗ ಬಿಟ್ಟರೆ ಕಾಲು ಬಿಗಿದುಹೋಗುತ್ತವೆ, ಆಮೇಲೆ ಯಾರ ಕೈಯಲ್ಲೂ ಆಗದು.

ನೇಕಾರರ ಸಂಘದಿಂದ ಎಲ್ಲರ ಮನೆಗೂ ವಿಮೆ ಇತ್ತು. ಗಂಡ ಅರ್ಜಿ ಹಾಕಿದ. ಕೂಸನ್ನು ನೋಡಲು ಸಾಹೇಬನೊಬ್ಬ ಮನೆಗೇ ಬರುತ್ತಾನೆ ಎಂದು ಸುದ್ದಿ ಬಂತು.

ಆ ಓಣಿಯ ಹೆಂಗಸರಿಗೆ ಒಂದು ರೂಢಿ. ಸೀರೆ ಮಡಚುವಾಗ ಎಳೆ ತಪ್ಪಿದ ಜಾಗ ಒಳಮಗ್ಗುಲಿಗೇ ಹೋಗಬೇಕು. ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ಸೆರಗು. ತಾಯಿ ಮಗಳನ್ನೂ ಹಾಗೇ ಅಣಿ ಮಾಡಿದಳು. ಎಣ್ಣೆ ಹಚ್ಚಿ ಎರೆದು, ಬಿಗಿಯಾಗಿ ಜಡೆ ಹಾಕಿ, ಹೊಸ ಲಂಗ ಉಡಿಸಿದಳು. ಬೆನ್ನ ಹಿಂದೆ ದಿಂಬು ಇಟ್ಟು, ಅದು ಕಾಣದ ಹಾಗೆ ಗೋಡೆಗೆ ಆನಿಸಿ ಕೂರಿಸಿದಳು. ಎಂಟು ದಿನದಿಂದ ಕಲಿಸಿದ 'ನಮಸ್ಕಾರ' ಒಂದನ್ನು ಕೂಸು ತಪ್ಪದೆ ಹೇಳಿತು.

ಸಾಹೇಬ ಒಳ್ಳೆಯವನೇ. ತಾನೇ ಉಣ್ಣುತ್ತಾಳೆಯೇ ಎಂದು ಕೇಳಿದ. ಉಣ್ಣುತ್ತಾಳೆ ಅಂದಳು ತಾಯಿ. ಕೂರುತ್ತಾಳೆಯೇ ಅಂದರೆ, ನೀವೇ ನೋಡುತ್ತಿದ್ದೀರಲ್ಲ ಅಂದಳು. ಮಾತು? ಓಣಿ ತುಂಬ ಇವಳದೇ ಮಾತು ಅಂದಳು. ಗಂಡ ಮಗ್ಗದಲ್ಲಿ ಕೂತಲ್ಲಿಂದ ಒಮ್ಮೆ ಕೆಮ್ಮಿದ. ಅವಳು ಅತ್ತ ತಿರುಗಲಿಲ್ಲ. ಹೋದ ಹೋದ ಮದುವೆ ಮನೆಯಲ್ಲೆಲ್ಲ 'ಪಾಪ' ಅನ್ನಿಸಿಕೊಂಡು ಸಾಕಾಗಿದ್ದವಳು. ಈ ಹೊಸಬನ ಬಾಯಲ್ಲಾದರೂ ಆ ಮಾತು ಬರಬಾರದು ಎಂಬುದು ಅವಳ ಹಟ.

ತಿಂಗಳು ಕಳೆದ ಮೇಲೆ ಕಾಗದ ಬಂತು. ಗಂಡ ಓದಿದ. ಮಗು ತನ್ನ ದಿನದ ಕೆಲಸಗಳನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ಮೊದಲು ಬರೆದಿತ್ತು. ತಾಯಿಯ ಮುಖ ಅರಳಿತು. ಆದ್ದರಿಂದ ಚಿಕಿತ್ಸೆಯ ಅಗತ್ಯ ಕಾಣುವುದಿಲ್ಲ, ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದು ಅದರ ಕೆಳಗೆ ಬರೆದಿತ್ತು.

ಅವಳು ಕಾಗದ ಹಿಡಿದು ಡಾಕ್ಟರಮ್ಮನ ಬಳಿಗೆ ಓಡಿದಳು. ಡಾಕ್ಟರಮ್ಮ ಕೊನೆಯ ಸಾಲು ಓದಿ ಹೇಳಿದಳು. ಇದು ಸರಿಯಲ್ಲ ಅನ್ನಿಸಿದರೆ ಮೂವತ್ತು ದಿನದೊಳಗೆ ದೊಡ್ಡ ಕಚೇರಿಗೆ ಹೋಗಿ ಮತ್ತೆ ಕೇಳಬಹುದು ಎಂದಿತ್ತು. ಹೋಗು, ಏಳುವುದರಿಂದ ಮಲಗುವ ತನಕ ಅವಳಿಂದ ಏನಾಗುತ್ತದೆ, ಏನಾಗುವುದಿಲ್ಲ, ಎಲ್ಲ ಬಿಡಿಸಿ ಹೇಳು ಅಂದಳು.

"ನನ್ನ ಕೂಸಿನ ಮ್ಯಾಲ ನನ್ನ ಕಡಿಂದನ ಚಾಡಿ ಹೇಳಸ್ತೀರೇನ್ರೀ ಅಕ್ಕಾರ?" ಅಂದಳು ತಾಯಿ.

"ಅಕೀನ ಎತ್ತಿ ಎತ್ತಿ ನಿನ್ನ ನಡಾ ಹೋಗೇದಲ್ಲವ್ವ, ಅದೂ ಚಾಡಿ ಏನು?"

ಇಪ್ಪತ್ತು ದಿನ ಅವಳು ಸುಮ್ಮನೇ ಇದ್ದಳು. ಒಂದು ಬೆಳಿಗ್ಗೆ ಲಂಗ ಉಡಿಸುವಾಗ ಮಗಳ ಎಡಗಾಲು ಮೊದಲಿನಷ್ಟು ಚಾಚುತ್ತಿಲ್ಲ ಎಂದು ಅವಳ ಕೈಗೆ ತಿಳಿಯಿತು. ಅಂದೇ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸು ಹತ್ತಿದಳು.

ದೊಡ್ಡ ಕಚೇರಿಯಲ್ಲಿ ಮೇಜಿನ ಆಚೆ ಒಬ್ಬ ಹೆಂಗಸು ಬರೆದುಕೊಳ್ಳುತ್ತಿದ್ದಳು. ತಾಯಿ ತಲೆ ತಗ್ಗಿಸಿ ಹೇಳುತ್ತ ಹೋದಳು. ಕೂರಲು ಆನಿಕೆ ಬೇಕು. ಬಚ್ಚಲಿಗೆ ಎತ್ತಿಕೊಂಡೇ ಹೋಗಬೇಕು. ಉಣ್ಣುವ ವಿಷಯ ಕೇಳಿದಾಗ ಮಗಳ ಲಂಗದ ಅಂಚು ಸರಿಪಡಿಸುತ್ತ ಕೂತಳು.

ಆಗ ತೊಡೆಯ ಮೇಲಿದ್ದ ಬನವ್ವ ಏನೋ ಅಂದಳು. ಬರೆಯುವವಳಿಗೆ ತಿಳಿಯಲಿಲ್ಲ, ಮತ್ತೆ ಕೇಳಿದಳು. ಕೂಸು ಮತ್ತೆ ಅಂದಿತು. ಮೂರನೆಯ ಸಲಕ್ಕೆ ತಿಳಿಯಿತು.

"ಚಮಚಾ ಬೀಳ್ತದ. ಅದನ್ನೂ ಬರಿ."

ಹೇಳಿ ನಕ್ಕಳು. ಬರೆಯುವವಳು ತಾಯಿಯನ್ನು ಬಿಟ್ಟು, ಇನ್ನೇನು ಬೀಳುತ್ತದೆ ಎಂದು ಅವಳನ್ನೇ ಕೇಳಿದಳು. ಲೋಟ ಬೀಳುತ್ತದೆ, ಬಳಪ ಬೀಳುತ್ತದೆ, ಒಮ್ಮೊಮ್ಮೆ ತಾನೂ ಬೀಳುತ್ತೇನೆ ಅಂದಳು. ಅಪ್ಪನ ಹಾಗೆ ಮಗ್ಗ ತುಳಿಯಬೇಕು, ಅದಕ್ಕೆ ಕಾಲು ಬೇಕು ಎಂಬುದನ್ನೂ ಸೇರಿಸಿದಳು. ತಾಯಿ ತಲೆ ಎತ್ತಿ ಮಗಳ ಮುಖ ನೋಡಿದಳು. ಆರು ವರ್ಷ ತಾನು ಕಾದು ಕಾದು ಮುಚ್ಚಿಟ್ಟಿದ್ದ ನಾಚಿಕೆ ಆ ಮುಖದಲ್ಲಿ ಎಲ್ಲೂ ಇರಲಿಲ್ಲ.

ವಿಮೆಯವರು ಒಂದು ವರ್ಷದ ವ್ಯಾಯಾಮಕ್ಕೆ ಒಪ್ಪಿದರು. ಕಾಲಿಗೆ ಕಟ್ಟುವ ಪಟ್ಟಿಗೆ ಇಲ್ಲ ಅಂದರು. ಅದಕ್ಕೆ ತಾಯಿಮಗಳು ಮತ್ತೊಮ್ಮೆ ಬಸ್ಸು ಹತ್ತಿದರು. ಯಾವುದನ್ನು ಯಾರು ಹೇಳಬೇಕು ಎಂದು ದಾರಿಯುದ್ದಕ್ಕೂ ಇಬ್ಬರೂ ಜಗಳವಾಡುತ್ತ ಹೋದರು.

ಅಜ್ಜನವರು ಕತೆ ನಿಲ್ಲಿಸಿದರು. ಶಿಷ್ಯ ಅಂದ:

"ಅದು ಸಣ್ಣ ಕೂಸು, ಅಜ್ಜಾರ. ಮಾನ ಅವಮಾನ ಅದಕ್ಕೇನು ತಿಳೀತದ? ನನ್ನ ತಮ್ಮಗ ಮೂವತ್ತು ವರ್ಷ."

ಅಜ್ಜನವರು ಖಾಲಿ ಅರ್ಜಿಯನ್ನು ಅವನ ಕೈಗೆ ಮರಳಿ ಕೊಟ್ಟರು.

"ಆ ಮೂವತ್ತು ವರ್ಷದವನ್ನ ಒಂದು ಮಾತು ಕೇಳಿ ಬಂದೀಯೇನಪಾ?"