ಬಾಗಿಲ ಬುಡದ ಊಟ

ಬೆಟ್ಟದ ಮೇಲೊಂದು ಕೋಟೆ, ಕೋಟೆಗೊಬ್ಬಳು ರಾಣಿ, ರಾಣಿಗೊಬ್ಬ ಕಮ್ಮಾರ ಇದ್ದ ಕಾಲದ ಮಾತು ಇದು, ಹತ್ತಿರ ಬನ್ನಿ. ಕಮ್ಮಾರನ ಹೆಸರು ಕಾಳಾಚಾರಿ. ಕೈ ಚಿನ್ನದಂಥದ್ದು, ಮೈ ಮಾತ್ರ ಬಲು ಸೋಮಾರಿ.

ಕೋಟೆಯ ಕಲ್ಲುಬಾಗಿಲು ಕಬ್ಬಿಣದ ಉರುಳೆಗಳ ಮೇಲೆ ನಿಂತು ಪಕ್ಕಕ್ಕೆ ಸರಿಯುತ್ತಿತ್ತು. ಹಳೆಯವು ಸವೆದವು, ಹೊಸವು ಬೇಕಾದವು. ಅವನ್ನು ಇದ್ದಲು, ಮೂಳೆಪುಡಿಯಲ್ಲಿ ಹುಗಿದು ಮೂರು ದಿನ ಕಾಯಿಸಬೇಕು. ಆಗಲೇ ಗಟ್ಟಿತನ ಆಳಕ್ಕಿಳಿಯುವುದು. ಕಾಳಾಚಾರಿ ಒಂದೇ ದಿನ ಕಾಯಿಸಿ, ನೀರಿಗದ್ದಿ, ಉಜ್ಜಿ ಹೊಳಪು ಕೊಟ್ಟ. ಮೇಲೆ ತೆಳ್ಳನೆ ಗಟ್ಟಿ ಸಿಪ್ಪೆ, ಒಳಗೆಲ್ಲ ಮೆತ್ತಗೆ. ಯಾರಿಗೆ ಗೊತ್ತಾಗುತ್ತೆ ಅಂದುಕೊಂಡ.

ರಾಣಿ ಅರದಿಂದ ಉಜ್ಜಿಸಿದಳು, ಗೀರು ಬೀಳಲಿಲ್ಲ. ಸುತ್ತಿಗೆಯಿಂದ ಹೊಡೆಸಿದಳು, ಟಣ್ ಎಂದಿತು. ಮುಖ ನೋಡಿಕೊಂಡಳು, ಕನ್ನಡಿಯ ಹಾಗೇ ಕಂಡಿತು.

"ಭೇಷ್ ಆಚಾರಿ!" ಎಂದಳು.

ಬಾಗಿಲು ಕಾಯುವ ಹೊನ್ನಜ್ಜಿ ಮಾತ್ರ ಕುಲುಮೆಯ ಹೊಗೆ ಬೇಗ ನಿಂತದ್ದನ್ನು ಕೋಟೆಯಿಂದಲೇ ನೋಡಿದ್ದಳು. "ಪದ್ಧತಿ ಮರೀಬೇಡಿ ತಾಯಿ," ಎಂದಳು. "ಉರುಳೆ ಮಾಡಿದೋನು ಮನೆಮಂದಿ ಸಮೇತ ಬಾಗಿಲ ಬುಡದಲ್ಲಿ ಕೂತು ಉಣ್ಬೇಕು. ಬಾಗಿಲು ಸರೀತಾನೇ ಇರ್ಬೇಕು."

ಉರುಳೆ ಕೂರಿಸಿದರು, ಹಬ್ಬದೂಟ ಬಂತು. ಕಾಳಾಚಾರಿ ಬಾಗಿಲ ಬುಡದಲ್ಲೇ ಎಲೆ ಮುಂದೆ ಕೂತ. ಪಕ್ಕದಲ್ಲೇ ಪುಟ್ಟ ಮಗಳು ಚಿನ್ನಕ್ಕ ಕೂತಿದ್ದಳು.

ಬಾಗಿಲು ಹೋಯಿತು, ಬಂತು. ಕೋಸಂಬರಿ ಬಡಿಸುವಾಗ ಟಿಕ್ ಅಂತು. ಅವನು ಬಗ್ಗಿ ಉರುಳೆ ಕಡೆ ನೋಡಿದ. ಅನ್ನ ಬಡಿಸುವಾಗ ಟಿಕ್ ಟಿಕ್ ಅಂತು. ಅವನು ಮಗಳನ್ನು ತನ್ನತ್ತ ಎಳೆದುಕೊಂಡ. ಒಂದೊಂದು ಸಲ ಉರುಳಿದಾಗಲೂ ಬಾಗಿಲ ಭಾರ ಸಿಪ್ಪೆಯಡಿಯ ಮೆತ್ತನೆ ಕಬ್ಬಿಣವನ್ನು ಹಿಸುಕುತ್ತಿತ್ತು. ಅಲ್ಲೇ ಬಿರುಕು ಹುಟ್ಟಿ ಮೇಲಕ್ಕೆ ಬರುತ್ತಿತ್ತು. ಒಬ್ಬಟ್ಟು ಬಡಿಸುವಾಗ ಚಕ್ಕೆಯೊಂದು ಸಿಡಿದು ಮಗಳ ಎಲೆಗೇ ಬಿತ್ತು.

"ಅಪ್ಪಾ, ಇದೇನು ಹೊಳೀತಿದೆ?"

ಕಾಳಾಚಾರಿ ಮಗಳನ್ನು ಬಾಚಿಕೊಂಡು ಎದ್ದ. "ನಿಲ್ಲಿಸಿ! ಬಾಗಿಲು ಬೀಳುತ್ತೆ! ನಾನು ಒಂದೇ ದಿನ ಕಾಯಿಸಿದ್ದು!"

"ಬೀಳಲ್ಲ ಬಿಡಪ್ಪ," ಎಂದಳು ಹೊನ್ನಜ್ಜಿ. "ಆ ಕಡೆಯಿಂದ ಹಗ್ಗ ಬಿಗಿಸಿದ್ದೀನಿ. ನಿನ್ನ ಬಾಯಿಂದ ಬರ್ಲಿ ಅಂತ ಕಾದೆ."

ಆಚಾರಿ ನಾಚಿಕೆಯಿಂದ ಅತ್ತೇಬಿಟ್ಟ. ರಾಣಿ ಬೇರೆ ಶಿಕ್ಷೆ ಕೊಡಲಿಲ್ಲ, ಹೊಸ ಉರುಳೆ ಮಾಡು ಎಂದಳು. ಮೂರು ದಿನವೂ ಅವನು ಕುಲುಮೆ ಬಿಟ್ಟು ಕದಲಲಿಲ್ಲ. ಮತ್ತೆ ಎಲೆ ಹಾಕಿದರು. ಬಾಗಿಲು ಸಂಜೆತನಕ ಸದ್ದಿಲ್ಲದೆ ಸರಿಯಿತು.

ಹೊರಗಿನ ಹೊಳಪು ನೋಡುವವರ ಕಣ್ಣಿಗೆ ಸಾಕು ಮಕ್ಕಳೇ, ದಿನದಿನದ ಭಾರ ಹೊರಲು ಒಳಗೂ ಗಟ್ಟಿ ಇರಬೇಕು. ಕಾಳಾಚಾರಿಗೆ ಅದು ಈಗ ತಿಳಿದಿತ್ತು. ಎರಡನೇ ಊಟದ ದಿನ ಚಿನ್ನಕ್ಕನನ್ನು ಅವನೇ ಕೂಗಿ ಕರೆದು ಬಾಗಿಲ ಕಡೆಗೆ ಕೂರಿಸಿಕೊಂಡ.