ಕೋಲು ಕೈ ಬದಲಾಗುವ ಹೊತ್ತು

"ಬುದ್ಧಿ, ಒಂದು ಸಲ ಜನರ ಮುಂದೆ ಮುಗ್ಗರಿಸಿದವನನ್ನು ಮತ್ತೆ ನಂಬಬಹುದೇ?" ಎಂದು ಷಡಕ್ಷರಿ ಗುರುಗಳನ್ನು ಕೇಳಿದ.

ಅವನು ಕೇಳಿದ್ದು ಗುರುಮಲ್ಲನ ವಿಷಯ. ಇಬ್ಬರೂ ಒಂದೇ ಮಠದ ಶಿಷ್ಯರು. ಹೋದ ವರ್ಷ ಗುರುಗಳು ಗುರುಮಲ್ಲನನ್ನು ಪಕ್ಕದ ಊರಿಗೆ ಪ್ರವಚನಕ್ಕೆ ಕಳಿಸಿದ್ದರು. ನಡುವೆಯೇ ಅವನಿಗೆ ಮಾತು ಮರೆತುಹೋಯಿತು. ವೇದಿಕೆಯಿಂದ ಇಳಿದು ಬಂದುಬಿಟ್ಟ. ಜನ ನಕ್ಕರು. ಈ ವರ್ಷವೂ ಅವನೇ ಹೋಗಲಿ ಎಂದು ಗುರುಗಳು ಹೇಳಿದ್ದರು.

"ನಾನೂ ಜೊತೆಗೆ ಹೋಗಿ ಅವನ ಹಿಂದೆ ಕೂರುತ್ತೇನೆ ಬುದ್ಧಿ. ತಡವರಿಸಿದರೆ ಮೆಲ್ಲಗೆ ಹೇಳಿಕೊಡಬಹುದು. ಮಠದ ಮರ್ಯಾದೆಯಾದರೂ ಉಳಿಯುತ್ತದೆ."

"ಮಠದ ಮರ್ಯಾದೆಯನ್ನು ನೀನು ಯಾವಾಗ ಗುತ್ತಿಗೆಗೆ ತಗೊಂಡೆಯಪ್ಪ?" ಎಂದರು ಗುರುಗಳು. "ಕೂತ್ಕೋ. ಪುರಾಣ ಹೇಳಿದರೆ ತೂಕಡಿಸ್ತೀಯ. ಓಟದ ಕತೆ ಹೇಳ್ತೀನಿ, ಕೇಳು."

ಒಂದು ಚಿಕ್ಕ ದೇಶವಿತ್ತು. ಲೋಕದ ದೇಶಗಳೆಲ್ಲ ಸೇರುವ ಓಟದ ಕೂಟಕ್ಕೆ ಅದೂ ತನ್ನ ತಂಡ ಕಳಿಸುತ್ತಿತ್ತು. ಒಂದು ಪದಕವೂ ಬಂದಿರಲಿಲ್ಲ. ಆ ತಂಡದಲ್ಲಿ ರಿಲೇ ಓಡುವ ನಾಲ್ವರು ಹುಡುಗಿಯರಿದ್ದರು.

ರಿಲೇ ಅಂದರೆ ಗೊತ್ತಲ್ಲ, ಒಬ್ಬಳು ಕೋಲು ಹಿಡಿದು ಓಡಿಬಂದು ಮುಂದಿನವಳ ಕೈಗೆ ಕೊಡಬೇಕು. ಅದಕ್ಕೊಂದು ಪದ್ಧತಿಯಿದೆ. ಮುಂದಿನವಳು ನೆಲದ ಮೇಲೆ ಗುರುತಿಗೆ ಒಂದು ಪಟ್ಟಿ ಅಂಟಿಸಿರುತ್ತಾಳೆ. ಹಿಂದಿನಿಂದ ಬರುವವಳು ಆ ಪಟ್ಟಿಯ ಹತ್ತಿರ ಬಂದಳೋ, ಇವಳು ಮುಖ ಮುಂದಕ್ಕೆ ಮಾಡಿ ಓಟ ಕೀಳಬೇಕು. ಆಮೇಲೆ ಹಿಂದೆ ನೋಡುವ ಮಾತೇ ಇಲ್ಲ. ಬರುವವಳು ಕೂಗುತ್ತಾಳೆ. ಕೂಗು ಕೇಳಿದ ಕೂಡಲೇ ಇವಳು ಓಡುತ್ತಲೇ ಕೈಯನ್ನು ಹಿಂದಕ್ಕೆ ಚಾಚುತ್ತಾಳೆ. ಕೋಲು ಬಂದು ಅಂಗೈಯಲ್ಲಿ ಕೂರಬೇಕು. ತಿರುಗಿ ನೋಡಿ ಇಸಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಓಟದ ವೇಗ ಅಲ್ಲೇ ಸತ್ತುಹೋಗುತ್ತದೆ.

ಹಿಂದಿನ ಕೂಟದಲ್ಲಿ ಮೂರನೆಯವಳು ನಾಲ್ಕನೆಯವಳಿಗೆ ಕೊಡುವಾಗ ಕೋಲು ಬಿದ್ದಿತ್ತು. ತಪ್ಪು ಮೂರನೆಯವಳದೇ. ಊರಿಗೆ ಬಂದ ಮೇಲೆ ಪತ್ರಿಕೆಯವರು ಅವಳನ್ನು ಹಿಗ್ಗಾಮುಗ್ಗಾ ಝಾಡಿಸಿದರು. ಬಸ್ಸು ಹಿಡಿಯಲಿಕ್ಕೂ ಓಡಲಾರದ ಮಂದಿಯೆಲ್ಲ ಅವಳಿಗೆ ಓಟ ಹೇಳಿಕೊಡಲು ನಿಂತರು. ಥೂ, ಅಂಥವರಿಗೇನು ಬರಗಾಲ!

ಈ ಸಲದ ಕೂಟದಲ್ಲಿ ಅವರು ಮೊದಲ ಸುತ್ತು ದಾಟಿದರು. ಅಲ್ಲೂ ಮೂರನೆಯವಳ ಕೈಯಿಂದ ಕೋಲು ಇನ್ನೇನು ಜಾರಿತು ಅನ್ನುವಷ್ಟರಲ್ಲಿ ಹೇಗೋ ಉಳಿದುಕೊಂಡಿತು. ಅಂತಿಮ ಓಟದ ದಿನ ಬೆಳಿಗ್ಗೆ ತರಬೇತುದಾರ ನಾಲ್ಕನೆಯವಳನ್ನು ಕರೆದ.

"ಇವತ್ತು ತಿರುಗಿ ನೋಡಿ ತಗೋ. ಕೊನೆಯವರಾಗಿಯಾದರೂ ಮುಗಿಸಿ ಬರೋಣ. ಯಾರೂ ನಗುವುದಿಲ್ಲ."

"ಯಾರೂ ನಗಬಾರದು ಅಂದಿದ್ದರೆ ಮನೆಯಲ್ಲೇ ಇರಬಹುದಿತ್ತಲ್ಲ ಸಾರ್. ಇಷ್ಟು ದೂರ ಯಾಕೆ ಬಂದೆವು?"

"ಹಟ ಬೇಡ. ಅವಳ ಕೈ ನಡುಗುತ್ತದೆ."

"ನಡುಗಲಿ. ನಾನು ತಿರುಗುವುದಿಲ್ಲ."

ತರಬೇತುದಾರ ಕೆಂಡಾಮಂಡಲವಾದ. ತಂಡದಿಂದಲೇ ತೆಗೆದುಹಾಕುತ್ತೇನೆ ಎಂದ. ತೆಗೀರಿ ಎಂದಳು. ಅವಳಷ್ಟು ಜೋರಾಗಿ ಓಡುವವರು ಅವನ ಬಳಿ ಬೇರೆ ಯಾರೂ ಇರಲಿಲ್ಲ. ಗೊಣಗಿಕೊಂಡು ಹೊರಟುಹೋದ.

ಆಮೇಲೆ ಮೂರನೆಯವಳೇ ಬಂದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ನೋಡಿಯೇ ತಗೋ. ನನ್ನ ಕೈ ಮೇಲೆ ನನಗೇ ನಂಬಿಕೆಯಿಲ್ಲ."

"ನಿನಗಿಲ್ಲದಿದ್ದರೆ ಬಿಡು, ನನಗಿದೆ. ಇವತ್ತು ನಾನು ತಿರುಗಿ ನೋಡಿದರೆ ಅಷ್ಟೂ ಜನರ ಮುಂದೆ ನಿನ್ನ ಕೆನ್ನೆಗೆ ಹೊಡೆದ ಹಾಗೆ. ನೀನು ಜೋರಾಗಿ ಕೂಗು, ಸಾಕು."

ಓಟ ಶುರುವಾಯಿತು. ಮೊದಲಿನ ಇಬ್ಬರೂ ಚೆನ್ನಾಗಿ ಓಡಿದರು. ಕೋಲು ಮೂರನೆಯವಳ ಕೈಗೆ ಬಂತು. ಅವಳು ಜೀವದ ಹಂಗು ಬಿಟ್ಟು ಓಡಿದಳು. ಇಬ್ಬರನ್ನು ಹಿಂದೆ ಹಾಕಿದಳು. ಅವರ ಮುಂದೆ ಇದ್ದದ್ದು ಇನ್ನು ಎರಡೇ ತಂಡ. ಹೀಗೇ ಹೋದರೆ ಆ ದೇಶಕ್ಕೆ ಮೊದಲ ಪದಕ. ಅಂಚಿನಲ್ಲಿ ತರಬೇತುದಾರ, "ತಿರುಗೇ, ತಿರುಗೇ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಅದು ನಾಲ್ಕನೆಯವಳಿಗೆ ಕೇಳಿಸುತ್ತಿತ್ತು. ಅವಳಿಗೂ ಭಯವಿತ್ತು, ಇಲ್ಲ ಅಂತಲ್ಲ. ಬರುವವಳು ಪಟ್ಟಿ ಮುಟ್ಟಿದ್ದೇ ತಡ, ಮುಖ ಮುಂದಕ್ಕೆ ಮಾಡಿ ಹೊರಟಳು. ಹಿಂದಿನಿಂದ ಕೂಗು ಬಂತು. ಅವಳು ತಿರುಗಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿದಳು.

ಅಷ್ಟು ಹೇಳಿ ಗುರುಗಳು ಎದ್ದು ನಿಂತರು. ಷಡಕ್ಷರಿ ಕೂತಲ್ಲೇ ಚಡಪಡಿಸಿದ.

"ಅಯ್ಯೋ ಬುದ್ಧಿ, ಹೀಗೆ ನಡುವೆ ಬಿಟ್ಟು ಎದ್ದರೆ ಹೇಗೆ? ಕೋಲು ಕೈಗೆ ಬಂತಲ್ಲ? ಪದಕ ಸಿಕ್ಕಿತು ತಾನೇ?"

"ಎಲ್ಲಿ ಸಿಗ್ತು, ಅವತ್ತೂ ಬಿತ್ತು, ಮುಂದಿನ ಕೂಟದಲ್ಲಿ ಅದೇ ಹುಡುಗಿ ಹಿಂದಿನಿಂದ ಕೂಗಿದಳು, ಇವಳು ಆಗಲೂ ತಿರುಗಿ ನೋಡದೆ ಕೈ ಚಾಚಿದಳು."